ಹೊಗೆಸೊಪ್ಪಿನ ನೀರು

ಬೇಲಿ ಪಕ್ಕದ ಹಿಪ್ಪುನೇರಳೆ ಸಾಲಿನ ಒಂದು ತುದಿ ಬೋಳಾಗಿತ್ತು. ಬಚ್ಚಲ ನೀರು ಬಾಳೆಬುಡಕ್ಕೆ ಸರಿಯಾಗಿ ಹರಿಯುತ್ತಿದೆಯೋ ಇಲ್ಲವೋ ನೋಡೋಣವೆಂದು ಬೆಳಗಾಗುತ್ತಲೇ ಹಿತ್ತಲಿಗೆ ಬಂದ ನಾಗಶ್ರೀ ಅದನ್ನು ಕಂಡು ಮೊದಲಿಗೆ ಏನೂ ಅಂದುಕೊಳ್ಳಲಿಲ್ಲ. ಬೇಲಿಯಾಚೆಯ ತೋಟ ಗಂಡನ ಅಣ್ಣ ಮಲ್ಲಿಕಾರ್ಜುನಸ್ವಾಮಿಯದು. ಅವನ ಹುಳುಮನೆಯಲ್ಲಿ ರೇಷ್ಮೆಹುಳುಗಳು ಕೊನೆಯ ಜ್ವರ ಕಳೆದು ಎದ್ದಿದ್ದವು. ಜ್ವರವೆಂದರೆ ಕಾಯಿಲೆಯಲ್ಲ, ಹುಳು ಮೇವು ಬಿಟ್ಟು, ತಲೆಯೆತ್ತಿ ಕೂತು, ಹಳೇ ಚರ್ಮ ಕಳಚುವ ಹೊತ್ತು. ಅದೊಂದು ಕಳೆಯಿತೆಂದರೆ ಅವಕ್ಕೆ ಬಕಾಸುರನ ಹಸಿವು, ಎಷ್ಟು ಸೊಪ್ಪು ಹಾಕಿದರೂ ಸಾಲದು. ಬೆಳಗಿನ ಮೇವಿಗೆ ಕೊಯ್ದಿರಬೇಕು, ಕೊಯ್ಯಲಿ.

ಆಮೇಲೆ ಗಾಳಿ ಬೀಸಿತು. ಅವರೆ ಚಪ್ಪರದ ಕಡೆಯಿಂದ ಮೂಗಿಗೆ ಅಡರುವಂಥ ಖಾರದ ವಾಸನೆ ಬಂತು. ಹೊಗೆಸೊಪ್ಪಿನ ವಾಸನೆ. ನಾಗಶ್ರೀಯ ಎದೆ ಧಸಕ್ಕೆಂದಿತು.

ಈ ನಾಗಶ್ರೀ ಎಂಥವಳು ಅಂತ ಮಾಂಬಳ್ಳಿಯ ಆ ಬೀದಿಯಲ್ಲಿ ಯಾರನ್ನು ಕೇಳಿದರೂ ನಗುತ್ತಲೇ ಹೇಳುತ್ತಿದ್ದರು: ಅವಳ ಮನೆಯಿಂದ ದಂಡವಾಗಿ ಆಚೆ ಹೋಗುವುದು ಒಲೆಯ ಹೊಗೆ ಒಂದೇ, ಅದಕ್ಕೂ ಏನಾದರೊಂದು ದಾರಿ ಹುಡುಕುತ್ತಾ ಇದ್ದಾಳು. ಸುಳ್ಳಲ್ಲ. ಬಚ್ಚಲ ನೀರು ಬಾಳೆಗೆ, ಅಕ್ಕಿ ತೊಳೆದ ನೀರು ಕರಿಬೇವಿಗೆ, ಒಲೆಯ ಬೂದಿ ಬದನೆಗೆ, ತರಕಾರಿ ಸಿಪ್ಪೆ ಗೊಬ್ಬರದ ಗುಂಡಿಗೆ. ಕಬ್ಬು ಕಡಿದ ಗದ್ದೆಯವರು ಬೇಡವೆಂದು ಬೆಂಕಿ ಹಚ್ಚುವ ತರಗನ್ನು ತಲೆಮೇಲೆ ಹೊತ್ತು ತಂದು, ನೆಲ ಒಣಗದಿರಲೆಂದು ಗಿಡಗಳ ಬುಡಕ್ಕೆಲ್ಲ ಹಾಸಿದ್ದಳು. ಗಂಡ ಬಸವೇಶ ಕೊಳ್ಳೇಗಾಲದಲ್ಲಿ ಸ್ಕೂಲ್ ವ್ಯಾನು ಓಡಿಸುವವನು. ಸಂಬಳ ಬಂದ ದಾರಿಯಲ್ಲೇ ಹೋಗುತ್ತಿತ್ತು. ಅದಕ್ಕೇ ನಾಗಶ್ರೀ ಪಟ್ಟು ಹಿಡಿದು, ಸಂತೆಯಿಂದ ತರಕಾರಿ ತರುವುದನ್ನೇ ನಿಲ್ಲಿಸಿದ್ದಳು. ಹಿತ್ತಲಿಗೆ ಅಂಗಡಿಯ ಗೊಬ್ಬರವಿಲ್ಲ, ಅಂಗಡಿಯ ಔಷಧಿಯಿಲ್ಲ. ನೋಡಿದವರು ಮೂಗಿನ ಮೇಲೆ ಬೆರಳಿಡುತ್ತಿದ್ದರು. ಅವಳಿಗೂ ಅದರಲ್ಲಿ ಒಂದಿಷ್ಟು ಜಂಬವಿತ್ತು. ಇರಲಿ ಬಿಡಿ, ದುಡಿದವಳಿಗೆ ಅಷ್ಟೂ ಬೇಡವೇ?

ಈ ಸಲ ಅವರೆ ಚಪ್ಪರಕ್ಕೆ ಕರಿ ಹೇನು ಹತ್ತಿತು. ಕುಡಿ, ಹೂವು, ಎಳೆಕಾಯಿ ಒಂದನ್ನೂ ಬಿಡದೆ ಅಂಟಿಕೊಂಡು ರಸ ಹೀರಿತು. ಬೂದಿ ಎರಚಿದಳು, ಗಂಜಲ ಚಿಮುಕಿಸಿದಳು; ಹೇನು ಜಪ್ಪಯ್ಯ ಅನ್ನಲಿಲ್ಲ. ಆಗ ಅವಳಿಗೆ ತವರುಮನೆ ನೆನಪಾಯಿತು. ಹನೂರಿನಾಚೆ, ಒಡೆಯರಪಾಳ್ಯದ ಹತ್ತಿರದ ಹಳ್ಳಿ. ಜೋಳ, ರಾಗಿ, ಹುರುಳಿ ಬೆಳೆಯುವ ಮನೆ. ರೇಷ್ಮೆಯನ್ನು ಮದುವೆ ಸೀರೆಯಲ್ಲಿ ಮಾತ್ರ ಕಂಡವರು. ಅಲ್ಲಿ ಅವಳ ತಾಯಿ ಹೊಗೆಸೊಪ್ಪು ಕುದಿಸಿದ ನೀರು ಹೊಡೆದು ಹೇನು ಓಡಿಸುತ್ತಿದ್ದಳು. ಅದಕ್ಕೂ ದುಡ್ಡು ಕೊಟ್ಟು ಹೊಗೆಸೊಪ್ಪು ಕೊಳ್ಳುವುದೇಕೆ? ಅತ್ತೆ ಶಿವರತ್ನಮ್ಮ ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವವಳು. ಸೊಪ್ಪು ಹರಿದುಕೊಂಡು ನಡುವಿನ ಕಡ್ಡಿಯನ್ನು ಎಸೆಯುತ್ತಿದ್ದಳು. ನಾಗಶ್ರೀ ಆ ಕಡ್ಡಿಗಳನ್ನೇ ಆಯ್ದು ಡಬ್ಬಿಯಲ್ಲಿ ಕೂಡಿಟ್ಟಳು. ನೆನೆಸಿ, ಕುದಿಸಿ, ಸೋಸಿ, ಎಲೆಗೆ ಅಂಟಿಕೊಳ್ಳಲೆಂದು ಬಟ್ಟೆ ಸೋಪಿನ ಚೂರು ಕರಗಿಸಿ, ನಿನ್ನೆ ಸಂಜೆ ಸ್ಟೂಲು ಹತ್ತಿ ಕೈಪಂಪಿನಲ್ಲಿ ಚಪ್ಪರದ ಮೇಲೆಲ್ಲ ಹೊಡೆದಳು. ಬೆಟ್ಟದ ಕಡೆಯ ಗಾಳಿ ಬೀಸುತ್ತಿತ್ತು. ತುಂತುರು ಬೇಲಿ ದಾಟಿ ಹಿಪ್ಪುನೇರಳೆ ಸಾಲಿನ ಮೇಲೆ ಇಳಿಯುವುದನ್ನು ಕಣ್ಣಾರೆ ಕಂಡಳು. ಹೋಗಲಿ, ಬಾವನ ಗಿಡಕ್ಕೂ ಒಳ್ಳೇದೇ ಆಯಿತು ಅಂದುಕೊಂಡಳು, ಮಂಕುದಿಣ್ಣೆ!

ಓರಗಿತ್ತಿ ಶಿವರಂಜನಿ ಅವಳಿಗೆ ಹೇಳಿರಲಿಲ್ಲವೇ? ಹೇಳಿದ್ದಳು. ‘ಬೇಲಿ ಪಕ್ಕ ಯಾವ್ದೂ ಔಷ್ದಿ ಒಡೀಬೇಡ ಕಣಮ್ಮಿ’ ಅಂದಿದ್ದಳು. ಆದರೆ ಇದು ಔಷಧಿಯೇ? ಮನೆಯಲ್ಲಿ ಬಿದ್ದಿದ್ದ ಕಡ್ಡಿಯ ನೀರು. ಅಂಗಡಿಯ ಬಾಟಲಿಯಲ್ಲಿ ಬರುವುದು ಮಾತ್ರ ವಿಷ, ಮನೆಯ ಒಲೆಮೇಲೆ ಕಾಯಿಸಿದ್ದು ವಿಷವಲ್ಲ ಅನ್ನುವುದು ನಾಗಶ್ರೀಯ ಲೆಕ್ಕ. ಇನ್ನು ಶಿವರತ್ನಮ್ಮ ಹುಳುಮನೆಗೆ ಹೋಗುವ ಮುಂಚೆ ಬೂದಿ ಹಾಕಿ ಕೈ ಉಜ್ಜಿ ಉಜ್ಜಿ ತೊಳೆಯುವುದನ್ನು ಅವಳು ದಿನಾ ನೋಡಿದ್ದಳು. ಅದನ್ನು ಮಡಿ ಅಂದುಕೊಂಡಿದ್ದಳು. ಹುಳುಮನೆಗೆ ಅಂಥ ಶಾಸ್ತ್ರಗಳು ಒಂದೇ ಎರಡೇ? ಒಗ್ಗರಣೆಯ ಘಾಟು ಹೋಗಬಾರದು, ಸಾವಿನ ಮನೆಗೆ ಹೋಗಿಬಂದವರು ಹೋಗಬಾರದು, ಮುಟ್ಟಾದವರು ಹೋಗಬಾರದು. ಅದರಲ್ಲಿ ಇದೂ ಒಂದು ಅಂತ ಸುಮ್ಮನಿದ್ದಳು. ಈಗ, ವಾಸನೆ ಮೂಗಿಗೆ ಬಡಿದ ಮೇಲೆ, ಅತ್ತೆ ಎಂದೋ ಕೈ ತೊಳೆಯುತ್ತಾ ಅಂದ ಮಾತು ಕಿವಿಯಲ್ಲಿ ಗುಯ್ಗುಟ್ಟಿತು. ‘ಒಗೆಸೊಪ್ಪು ತಾಕುದ್ರ ಉಳ ಕಕ್ಕೊಂಡು ಸಾಯ್ತವ ಕಣವ್ವ.’

ನಾಗಶ್ರೀ ಬೇಲಿಯ ಸಂದಿಯಲ್ಲಿ ಕೈ ತೂರಿಸಿದಳು. ಸಾಲಿನಲ್ಲಿ ಉಳಿದಿದ್ದ ಒಂದು ಎಲೆ ಕಿತ್ತು ಮೂಸಿದಳು. ಘಾಟು ಹಾಗೇ ಇತ್ತು.

ಹೋದ ಬೆಳೆ ಶಿವರಂಜನಿಗೆ ಕೈಗೆ ಹತ್ತಿರಲಿಲ್ಲ. ಗೂಡು ಕಟ್ಟುವ ಹೊತ್ತಿಗೆ ಹಾಲುತೊಂಡೆ ರೋಗ ಬಂದು ಹುಳುವೆಲ್ಲ ಕೊಳೆತು ಹೋಗಿದ್ದವು. ಈ ಸಲ ಅವಳು ಮಗು ಸಾಕಿದ ಹಾಗೆ ಸಾಕಿದ್ದಳು. ಇನ್ನೇನು ಹುಳು ಹಣ್ಣಾಗಿ ಗೂಡು ಕಟ್ಟಬೇಕು. ಅದು ಒಂದಾದರೆ, ಬೇಲಿಯ ಕಥೆ ಇನ್ನೊಂದು. ಅಣ್ಣತಮ್ಮಂದಿರು ಪಾಲಾದಾಗ ಮನಸ್ತಾಪವಾಗಿ, ಎದುರುಬದುರು ಬಂದರೂ ಮುಖ ತಿರುಗಿಸಿಕೊಂಡು ಓಡಾಡಿದವರು. ನಡುವೆ ಹಾಕಿದ ಮುಳ್ಳಿನ ಬೇಲಿ ಆಳೆತ್ತರ ಬೆಳೆದಿತ್ತು. ಅತ್ತೆ ದೊಡ್ಡ ಮಗನ ಮನೆಯಲ್ಲಿ. ಚಿಕ್ಕ ಮಗನ ಮನೆಗೆ ಬರಬೇಕಾದರೆ ಊರೆಲ್ಲ ಸುತ್ತಿ, ಯಾರಾದರೂ ನೋಡಿಯಾರೆಂದು ಸೆರಗು ಮುಚ್ಚಿಕೊಂಡು ಬರುತ್ತಿದ್ದಳು. ಈ ಯುಗಾದಿಯಲ್ಲಿ ಏನಾಯಿತೋ, ಮಲ್ಲಿಕಾರ್ಜುನಸ್ವಾಮಿ ತಾನೇ ಮಚ್ಚು ಹಿಡಿದು ಬೇಲಿಯಲ್ಲಿ ಒಬ್ಬರು ನುಸುಳುವಷ್ಟು ದಾರಿ ಮಾಡಿದ. ಅವತ್ತು ಬಸವೇಶ ಗಂಡಸಾದರೂ ಬಚ್ಚಲಲ್ಲಿ ಹೋಗಿ ಅತ್ತು ಬಂದ. ಈಗ ಈ ಹುಳು ತನ್ನ ಕೈಯಿಂದ ಸತ್ತರೆ ಆ ದಾರಿಗೆ ಮತ್ತೆ ಮುಳ್ಳು ಬೀಳುತ್ತದೆ, ಬಿದ್ದ ಮುಳ್ಳು ಈ ಜನ್ಮಕ್ಕೆ ಏಳುವುದಿಲ್ಲ. ಅದು ನಾಗಶ್ರೀಗೆ ಯಾರೂ ಹೇಳದೆಯೇ ಗೊತ್ತಿತ್ತು.

ಕೈ ಒರೆಸಿಕೊಂಡು ಬೇಲಿ ದಾಟಿ ಓಡಿದಳು.

ಹುಳುಮನೆ ತೋಟದ ಆ ತುದಿಗೆ. ಬಾಗಿಲಲ್ಲಿ ಸುಣ್ಣದ ಪುಡಿ, ಪಕ್ಕದಲ್ಲಿ ಕಾಲು ಅದ್ದಲು ಬ್ಲೀಚಿಂಗ್ ನೀರಿನ ಬಾಂಡ್ಲಿ. ಒಳಗೆ ಉದ್ದಕ್ಕೆ ಸ್ಟ್ಯಾಂಡುಗಳು, ಅದರ ಅಂತಸ್ತು ಅಂತಸ್ತಿನಲ್ಲೂ ರೆಂಬೆಸಮೇತ ಹಾಸಿದ ಸೊಪ್ಪು, ಸೊಪ್ಪಿನ ಮೇಲೆ ಬೆಳ್ಳಗೆ ಬೆರಳುದ್ದದ ಹುಳುಗಳು. ಶಿವರಂಜನಿ ತಲೆಗೆ ಟವೆಲು ಕಟ್ಟಿಕೊಂಡು ಆ ಕೊನೆಯಿಂದ ಈ ಕೊನೆಗೆ ಓಡಾಡುತ್ತಿದ್ದಳು. ಬಾಗಿಲ ಹತ್ತಿರದ ಸ್ಟ್ಯಾಂಡಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಶಿವರತ್ನಮ್ಮ ಒಂದೊಂದೇ ರೆಂಬೆ ಸರಿಪಡಿಸುತ್ತಿದ್ದಳು.

“ಏನಮ್ಮಿ, ಇಷ್ಟೊತ್ಗೇ ಬಂದ್ಬುಟ್ಟೆ?” ಅಂದಳು ಶಿವರಂಜನಿ. “ಕಾಲ ಅದ್ಕೊಂಡು ಒಳಗ ಬಾ. ನನ್ ಮಕ್ಳು ಎಂಗ್ ಮೇಯ್ತಾವ ನೋಡು ಬಾ!”

“ಇಲ್ಲ ಕಣಕ್ಕ, ಮುಸುರೆ ಕೈ. ಇಲ್ಲೇ ನಿಂತ್ಕೋತಿನಿ.” ನಾಗಶ್ರೀ ಹಾಸಿದ ರೆಂಬೆಗಳ ಕಡೆ ನೋಡಿದಳು. “ಸೊಪ್ಪು ಎಲ್ಲಿಂದ ಕುಯ್ದ್ರಿ?”

“ನಿನ್ ಬೇಲಿ ಮಗ್ಗುಲುದ್ದೆ. ಒಳ್ಳೆ ಕೊಬ್ಬಿತ್ತು. ಈ ಬಾಗ್ಲತ್ರದ ಸ್ಟ್ಯಾಂಡ್ಗ ಆಯ್ತು ಅಷ್ಟೆಯ. ಮಿಕ್ಕವ್ಕ ರಾತ್ರ ತಂದಿದ್ದೇ ಇತ್ತು. ಮದ್ಯಾನ್ಕ ಬಾವಿ ಕಡೇದ ಕುಯ್ತಾರ ನಿಮ್ ಬಾವ.”

ಈಗ ಹೇಳಬೇಕಿತ್ತು. ‘ಅಕ್ಕ, ಆ ಸೊಪ್ಪು ತಗದು ಬಿಸಾಕು’ ಅಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮಾತು ನಾಲಗೆಯ ತುದಿಗೆ ಬಂದಿತ್ತು ಕೂಡ. ಆದರೆ ಹೆದರಿದ ಮನಸ್ಸು ಹೇಗೆ ನೆವ ಹುಡುಕುತ್ತದೆ ನೋಡಿ: ಒಂದು ರಾತ್ರಿ ಕಳೆದಿದೆ, ಇಬ್ಬನಿ ಬಿದ್ದಿದೆ, ಘಾಟು ಇಳಿದಿರಬಹುದು. ಸುಮ್ಮಸುಮ್ಮನೆ ಯಾಕೆ ಬಾಯಿಬಿಟ್ಟು ಬೆಂಕಿ ಹಚ್ಚುವುದು? ಹುಳು ಮೇಯುತ್ತಲೇ ಇವೆಯಲ್ಲ. ನಾಗಶ್ರೀ ಹೊಸ್ತಿಲಾಚೆ ನಿಂತು ಹುಳುಗಳನ್ನೇ ದಿಟ್ಟಿಸಿದಳು. ಚೆನ್ನಾಗಿರಲಪ್ಪ ಮಾದೇಶ್ವರ, ಇದೊಂದು ಸಲ ಕಾಪಾಡಪ್ಪ ಅಂತ ಮನಸ್ಸಿನಲ್ಲೇ ಕೈಮುಗಿದಳು.

ಒಂದು ಹುಳು ಮೇಯುವುದನ್ನು ಬಿಟ್ಟು ತಲೆಯೆತ್ತಿತು. ಎತ್ತಿದ ತಲೆಯನ್ನು ಅತ್ತ ಇತ್ತ ಆಡಿಸಿತು. ಅದರ ಪಕ್ಕದ್ದೂ ಎತ್ತಿತು. ನೋಡುನೋಡುತ್ತಿದ್ದಂತೆ ಆ ಅಂತಸ್ತಿನ ತುಂಬಾ ಬಿಳಿ ತಲೆಗಳು ಎದ್ದು ತೂಗಾಡತೊಡಗಿದವು. ಸೊಪ್ಪು ಕಡಿಯುವ ಸದ್ದು ಆ ಮೂಲೆಯಲ್ಲಿ ಮಾತ್ರ ನಿಂತುಹೋಯಿತು.

“ಅಯ್ಯೋ! ಇದೇನ ಇದು?” ಶಿವರಂಜನಿ ಓಡಿ ಬಂದಳು. ಒಂದು ಹುಳುವನ್ನು ಅಂಗೈಮೇಲೆ ಇಟ್ಟುಕೊಂಡಳು. ಅದು ಮೈ ಮುದುರಿಕೊಂಡು ಬಾಯಿಂದ ಹಸಿರು ರಸ ಕಕ್ಕಿತು. ಅವಳ ಮುಖದ ಬಣ್ಣವೇ ಇಳಿದುಹೋಯಿತು. “ರೀ! ಬನ್ರೀ ಇಲ್ಲಿ! ಉಳ ಕಕ್ತಾವ ಕಣ್ರೀ!”

ಹೊರಗೆ ಗೋಣಿತಾಟು ಕೊಡವುತ್ತಿದ್ದ ಮಲ್ಲಿಕಾರ್ಜುನಸ್ವಾಮಿ ನಾಗಶ್ರೀಯನ್ನು ದಾಟಿಕೊಂಡೇ ಒಳಗೆ ನುಗ್ಗಿದ. ಹುಳು ನೋಡಿದ. ಅವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. “ಇದು ರೋಗ ಅಲ್ಲ. ವಿಷ,” ಅಂದ. “ಒಗೆಸೊಪ್ಪು ತಾಕದ. ಕೈ ತೊಳೀದ ಯಾರ ಮುಟ್ಟುದ್ದು?”

ಗಂಡಹೆಂಡಿರ ಕಣ್ಣು ಒಟ್ಟಿಗೆ ತಿರುಗಿದ್ದು ಶಿವರತ್ನಮ್ಮನ ಕಡೆಗೆ. ಆ ಮನೆಯಲ್ಲಿ ಹೊಗೆಸೊಪ್ಪು ಮುಟ್ಟುವ ಕೈ ಅವಳದೊಂದೇ.

ಮುದುಕಿ ಮುಂದಿದ್ದ ರೆಂಬೆಯಿಂದ ಒಂದು ಎಲೆ ಹರಿದು ಮೂಗಿನ ಹತ್ತಿರ ಹಿಡಿದಳು. ಆಮೇಲೆ ನಿಧಾನವಾಗಿ ತಲೆಯೆತ್ತಿ ಹೊಸ್ತಿಲಾಚೆ ನಿಂತಿದ್ದ ನಾಗಶ್ರೀಯನ್ನು ನೋಡಿದಳು. ನಾಗಶ್ರೀಗೆ ಅಲ್ಲೇ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ತಾನು ಎಸೆದ ಹೊಗೆಸೊಪ್ಪಿನ ಕಡ್ಡಿಗಳನ್ನು ಈ ಹುಡುಗಿ ಆಯುತ್ತಿದ್ದುದನ್ನು ಅತ್ತೆ ಕಂಡಿದ್ದಳು. ‘ಇದ್ಯಾಕವ್ವ ನಿಂಗ?’ ಅಂತ ಕೇಳಿಯೂ ಇದ್ದಳು.

“ನಾನೇ ಕಲ,” ಅಂದಳು ಶಿವರತ್ನಮ್ಮ ಮಗನಿಗೆ. “ಮರತ್ಬುಟ್ಟಿ. ಕೈ ತೊಳೀನಿಲ್ಲ. ಈ ಸ್ಟ್ಯಾಂಡಿನ ಸೊಪ್ಪೆಲ್ಲ ನಾನೇ ಮುಟ್ಟಿವ್ನಿ, ಒಂದೂ ಬುಡ್ದಂಗ ತಗದಾಕ್ಬುಡಿ.”

“ಅತ್ತೆ!” ಶಿವರಂಜನಿಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದವು. “ಎಷ್ಟು ದಿನಂದ ಬಡ್ಕೊತಿವ್ನಿ ನಾನು! ಆ ದರಿದ್ರದ ಸೊಪ್ಪು ಬುಡಿ, ಬುಡಿ ಅಂತ! ಓದ್ಸಲ ಅಂಗಾಯ್ತು, ಈಗ ನಿಮ್ ಕೈಯಾರ ಇಂಗ್ ಮಾಡುದ್ರಲ್ಲ! ಏಳಿ ಮೇಲ್ಕ. ಆಚ್ಗ ನಡೀರಿ. ಇನ್ ಈ ಒಸ್ಲು ತುಳೀಬೇಡಿ!” ರಟ್ಟೆ ಹಿಡಿದು ಎಬ್ಬಿಸಿದಳು. ಮುದುಕಿಯ ಮಂಡಿ ಹಿಡಿದುಕೊಂಡಿತ್ತು; ಎದ್ದವಳು ಒಂದು ಹೆಜ್ಜೆ ಎಡವಿದಳು. ಶಿವರಂಜನಿ ಬಿಡಲಿಲ್ಲ, ಬಾಗಿಲವರೆಗೂ ನೂಕಿಕೊಂಡೇ ಬಂದಳು.

ಸೊಸೆಯಾಗಿ ಬಂದಾಗಿನಿಂದ ಹುಳುವಿನ ನಡುವೆಯೇ ಬದುಕಿದ ಹೆಂಗಸು ಸುಣ್ಣದ ಪುಡಿ ತುಳಿದುಕೊಂಡು ನಾಗಶ್ರೀಯ ಪಕ್ಕದಲ್ಲೇ ಹಾದು ಹೋದಳು. ಕಣ್ಣೆತ್ತಿ ನೋಡಲಿಲ್ಲ. ನಾಗಶ್ರೀ ದಾರಿ ಬಿಟ್ಟು ಪಕ್ಕಕ್ಕೆ ಸರಿದಳು.

ಒಳಗೆ ಇಬ್ಬರೂ ಬಾಚಿ ಬಾಚಿ ಆ ಸ್ಟ್ಯಾಂಡಿನ ಸೊಪ್ಪನ್ನು ಹೊರಗೆಸೆಯುತ್ತಿದ್ದರು. ನಾಗಶ್ರೀಗೆ ಒಂದು ಕಡೆ ಹೋದ ಜೀವ ಬಂದ ಹಾಗಾಯಿತು. ಸೊಪ್ಪು ಆಚೆಗೆ ಬಂತು, ಮಧ್ಯಾಹ್ನಕ್ಕೆ ಬಾವಿ ಕಡೆಯದು ಕೊಯ್ಯುತ್ತಾರೆ, ಮಿಕ್ಕ ಹುಳು ಉಳಿಯುತ್ತವೆ, ಯಾರಿಗೂ ಗೊತ್ತಾಗುವುದಿಲ್ಲ. ಇನ್ನೊಂದು ಕಡೆ ತನ್ನ ಮೇಲೇ ಅಸಹ್ಯವಾಯಿತು. ಏನೂ ಮಾಡದೆ ತಿರುಗಿ ಮನೆಗೆ ಬಂದಳು.

ಮನೆಗೆ ಬಂದವಳೇ ಗಂಡನಿಗೆ ಫೋನು ಮಾಡಿದಳು. ಬಸವೇಶ ಸ್ಕೂಲಿನ ಮುಂದೆ ವ್ಯಾನು ನಿಲ್ಲಿಸಿಕೊಂಡಿದ್ದ. ಮಕ್ಕಳ ಗಲಾಟೆ ಕೇಳಿಸುತ್ತಿತ್ತು. ಅವಳು ಹೇಳಿದ್ದನ್ನೆಲ್ಲ ಕೇಳಿ ವ್ಯಾನಿನ ಕಿಟಕಿ ಏರಿಸಿದ.

“ಯಾರ್ಗಾರ ಏಳ್ದಾ?” ಅಂತ ಕೇಳಿದ.

“ಇಲ್ಲ.”

“ಏಳ್ಬೇಡ. ಸುಮ್ಕಿದ್ಬುಡು. ಅಣ್ಣ ಈಗ್ಗ ಈಗ ನನ್ ಜೊತ ಮಾತಾಡ್ತಾವ್ನ. ಬೇಕೂಂತ್ಲೇ ಮಾಡುದ್ರು ಅಂತಾನ ಅವ್ನು. ಅವನ್ ಬುದ್ಧಿ ನಿಂಗೊತ್ತಿಲ್ಲ.”

“ಅತ್ತೆನ ಆಚ್ಗ ಕಳ್ಸುದ್ರು ಕಣ್ರೀ.”

“ಅವ್ವುಂಗ ಬೈಯ್ದ್ರ ಎರಡ್ ದಿನ. ನಮ್ಗಾದ್ರ ಸಾಯೋಗಂಟ. ಇಡು ಫೋನ, ನಾನ್ ಸಂಜ್ಗ ಬತ್ತಿನಿ.”

ಫೋನಿಟ್ಟ ಮೇಲೆ ಅವಳ ಭಯ ಇಳಿಯುವುದಿರಲಿ, ಇಮ್ಮಡಿಯಾಯಿತು. ಗಂಡನಿಗೇ ಇಷ್ಟು ಭಯವಿದೆಯೆಂದರೆ ಅವನ ಅಣ್ಣ ಎಂಥವನಿರಬೇಕು! ಹಿತ್ತಲಿಗೆ ಬಂದು ಬೇಲಿ ಸಾಲಿನಲ್ಲಿ ಉಳಿದದ್ದನ್ನು ನೋಡಿದಳು. ಇವತ್ತು ಇದನ್ನು ಕೊಯ್ಯುವುದಿಲ್ಲ, ಸರಿ. ನಾಳೆ? ನಾಳಿದ್ದು? ಬಿಂದಿಗೆಯಲ್ಲಿ ನೀರು ತಂದು ಬೇಲಿಯ ಮೇಲಿಂದಲೇ ಎಲೆಗಳಿಗೆ ಎರಚಿದಳು. ಎಲೆ ಕಿತ್ತು ಮೂಸಿದಳು. ಘಾಟು ಹೋಗಿರಲಿಲ್ಲ. ಹೇಗೆ ಹೋದೀತು? ಮಳೆ ಬಂದರೂ ತೊಳೆದು ಹೋಗದಿರಲಿ ಅಂತ ಸೋಪು ಹಾಕಿದ್ದು ಅವಳೇ ಅಲ್ಲವೇ?

ಆಗ ಅವಳ ತಲೆಗೆ ಒಂದು ಉಪಾಯ ಹೊಳೆಯಿತು. ತಾನೇ ಹೋಗಿ ಆ ರೆಂಬೆಗಳನ್ನೆಲ್ಲ ಕೊಯ್ದು ತನ್ನ ಗುಂಡಿಗೆ ಹಾಕಿ ತರಗು ಮುಚ್ಚಿಬಿಡುವುದು. ಯಾರಾದರೂ ಕೇಳಿದರೆ ಮೇಕೆ ತಿಂದವು ಅಂದರಾಯಿತು. ಕುಡುಗೋಲು ತಂದು ಬೇಲಿಯ ಸಂದಿಯಲ್ಲಿ ಅರ್ಧ ಮೈ ತೂರಿಸಿದ್ದಳು, ಅಷ್ಟರಲ್ಲಿ ತೋಟದೊಳಗೆ ಯಾರೋ ಕೆಮ್ಮಿದರು. ಮಲ್ಲಿಕಾರ್ಜುನಸ್ವಾಮಿಯ ಕೆಮ್ಮು. ಬೆಚ್ಚಿಬಿದ್ದು ಹಿಂದಕ್ಕೆ ಸರಿದಳು. ಮುಳ್ಳು ಸೀರೆಗೆ ಸಿಕ್ಕಿ ಪರ್ರನೆ ಹರಿಯಿತು. ಓಡಿ ಅಡುಗೆಮನೆ ಸೇರಿ ಬಾಗಿಲು ಹಾಕಿಕೊಂಡಳು. ತನ್ನದೇ ಮನೆಯಲ್ಲಿ ಕಳ್ಳಿಯ ಹಾಗೆ ಗೋಡೆಗೊರಗಿ ಕೂತಳು. ಅತ್ತೆ ಎಡವಿದ ಆ ಒಂದು ಹೆಜ್ಜೆ ಕಣ್ಣ ಮುಂದಿಂದ ಹೋಗಲೇ ಇಲ್ಲ. ಒಲೆಮೇಲಿದ್ದ ಸಾರು ತಳ ಹತ್ತಿ ವಾಸನೆ ಬಂದಾಗಲೇ ಅವಳಿಗೆ ಹೊತ್ತಾಗಿರುವುದು ಗೊತ್ತಾದದ್ದು.

ಎದ್ದು ಹೊರಗೆ ಬಂದಳು. ಬಿಸಿಲು ನೆತ್ತಿಯ ಮೇಲಿತ್ತು. ಬೇಲಿಯ ಹತ್ತಿರ ಹೋಗಿ ಇಣುಕಿದಳು.

ಸಾಲಿನಲ್ಲಿ ಒಂದು ರೆಂಬೆಯೂ ಇರಲಿಲ್ಲ. ಬುಡದಲ್ಲಿ ಹೊಸದಾಗಿ ಕೊಯ್ದ ಮೊಂಡುಗಳು ಹಾಲು ಸುರಿಸುತ್ತಿದ್ದವು. ಉದುರಿದ ಎಲೆಗಳು ಹುಳುಮನೆಯ ದಾರಿಯುದ್ದಕ್ಕೂ ಬಿದ್ದಿದ್ದವು. ಬಾವಿ ಕಡೆಯ ಸಾಲಿನಲ್ಲಿ ಕರೆಂಟು ಬಂದಾಗ ಸ್ಪ್ರಿಂಕ್ಲರ್ ತಾನಾಗಿ ಓಡಿರಬೇಕು, ದೂರದಿಂದಲೇ ನೆಲ, ಗಿಡ ಎಲ್ಲ ಒದ್ದೆಯಾಗಿ ಮಿರುಗುತ್ತಿತ್ತು. ಒದ್ದೆ ಸೊಪ್ಪನ್ನು ಹುಳುವಿಗೆ ಹಾಕುವುದಿಲ್ಲ. ಅದಕ್ಕೇ ಅವನು ಇತ್ತ ಬಂದಿದ್ದ. ಅವಳು ಅಡುಗೆಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದಾಗ ಅವನು ಬೇಲಿಯಾಚೆ ನಿಂತು ಕೊಯ್ಯುತ್ತಿದ್ದದ್ದು ಇದನ್ನೇ.

“ಅಯ್ಯಯ್ಯೋ ಶಿವನೇ!” ನಾಗಶ್ರೀ ಚೀರಿಕೊಂಡಳು. ಕಾಲಿಗೆ ಚಪ್ಪಲಿಯಿಲ್ಲ, ತಲೆಮೇಲೆ ಸೆರಗಿಲ್ಲ, ತೋಟದ ನಡುವೆ ಬಿದ್ದಂಬೀಳ ಓಡಿದಳು. “ಬಾವ! ಸೊಪ್ಪು ಆಕ್ಬೇಡಿ! ಬಾವ!” ಮದುವೆಯಾಗಿ ಬಂದಾಗಿನಿಂದ ಅವಳು ಆ ಮನುಷ್ಯನ ಜೊತೆ ನೇರವಾಗಿ ಒಂದು ಮಾತಾಡಿದವಳಲ್ಲ. ಏನಾದರೂ ಹೇಳಬೇಕಿದ್ದರೆ ಗೋಡೆಗೆ ಹೇಳಿದ ಹಾಗೆ ಹೇಳುತ್ತಿದ್ದಳು. ಈಗ ಊರಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದಳು.

ಹುಳುಮನೆಯ ಹೊಸ್ತಿಲಿಗೆ ಬಂದವಳು ಗಕ್ಕನೆ ನಿಂತಳು. ಕೈಯಲ್ಲಿ ಆ ಎಲೆಗಳ ವಾಸನೆ ಇತ್ತು. ಒಳಗೆ ಕಾಲಿಡುವಂತಿರಲಿಲ್ಲ. ಒಳಗೆ ನೋಡಿದರೆ ಸೊಪ್ಪು ಹಾಕಿ ಆಗಿತ್ತು. ಎಲ್ಲ ಸ್ಟ್ಯಾಂಡಿಗೂ. ಹುಳುಗಳು ಹಸಿದಿದ್ದವು, ಹೊಸ ರೆಂಬೆಗಳಿಗೆ ದುಡುದುಡು ಹತ್ತುತ್ತಿದ್ದವು.

“ತಗೀರಿ! ಎಲ್ಲ ತಗೀರಿ! ಆ ಸೊಪ್ಗ ನಾನು ಒಗೆಸೊಪ್ಪಿನ ನೀರು ಒಡದಿವ್ನಿ!”

ಶಿವರಂಜನಿ ಹುಚ್ಚಿಯ ಹಾಗೆ ರೆಂಬೆಗಳಿಗೆ ಕೈಹಾಕಿದಳು. ಮಲ್ಲಿಕಾರ್ಜುನಸ್ವಾಮಿ ಇನ್ನೊಂದು ತುದಿಯಿಂದ ಶುರುಮಾಡಿದ. ಹುಳುಗಳು ರೆಂಬೆಗೇ ಕಚ್ಚಿಕೊಂಡಿದ್ದವು. ಎಳೆದರೆ ಹುಳುವೂ ಬರುತ್ತಿತ್ತು, ಕೊಡವಿದರೆ ನೆಲಕ್ಕೆ ಬಿದ್ದು ಒಡೆಯುತ್ತಿತ್ತು. ಒಂದೊಂದನ್ನೂ ಬಿಡಿಸಿ ಬಿಡಿಸಿ ಇಡಬೇಕು. ಸ್ಟ್ಯಾಂಡುಗಳು ಅಷ್ಟಿವೆ, ಕೈ ನಾಲ್ಕೇ. ಆ ಮೂಲೆಯಲ್ಲಿ ಆಗಲೇ ತಲೆಗಳು ಎದ್ದು ತೂಗಾಡತೊಡಗಿದ್ದವು. ನಾಗಶ್ರೀ ಹೊಸ್ತಿಲಲ್ಲೇ ಎರಡೂ ಕೈಯನ್ನು ಮೈಯಿಂದ ದೂರ ಹಿಡಿದುಕೊಂಡು ನಿಂತಿದ್ದಳು.

“ಅವ್ವ!” ಅಂತ ಕೂಗಿದ ಮಲ್ಲಿಕಾರ್ಜುನಸ್ವಾಮಿ, ಬಾಗಿಲ ಕಡೆ ತಿರುಗಿಯೂ ನೋಡದೆ. “ಅವ್ವ, ಬಾ ಬೇಗ!”

ಜಗಲಿಯ ಮೇಲೆ ಮುದುರಿ ಕೂತಿದ್ದ ಶಿವರತ್ನಮ್ಮ ಎದ್ದು ಬಂದಳು. ಹೊರಗಿನ ನಲ್ಲಿಯಲ್ಲಿ ಬೂದಿ ಹಾಕಿ ಕೈ ತೊಳೆದಳು, ಕಾಲು ಅದ್ದಿದಳು, ಹೊಸ್ತಿಲು ದಾಟಿದಳು. ಅವಳ ಬೆರಳು ಹುಳುವನ್ನು ನೋಯಿಸದೆ ಬಿಡಿಸುವುದನ್ನು ನೋಡಬೇಕು. ಶಿವರಂಜನಿ ಒಂದು ಬಿಡಿಸುವಷ್ಟರಲ್ಲಿ ಅವಳು ಒಂದು ಹಿಡಿ ಬಿಡಿಸುತ್ತಿದ್ದಳು. ಮೂವರೂ ಬಗ್ಗಿದ ತಲೆ ಎತ್ತದೆ ಕೆಲಸ ಮಾಡಿದರು. ಹೊರಗೆ ಸೊಪ್ಪಿನ ರಾಶಿ ಬೆಳೆಯಿತು.

ಎಲ್ಲ ತೆಗೆದಾದ ಮೇಲೆ ಮಲ್ಲಿಕಾರ್ಜುನಸ್ವಾಮಿ ಹೊರಗೆ ಬಂದ. ಬೈಯುತ್ತಾನೆ, ಹೊಡೆದರೂ ಹೊಡೆದಾನು ಅಂತ ನಾಗಶ್ರೀ ಕಣ್ಣು ಮುಚ್ಚಿಕೊಂಡಳು. ಅವನು ಅವಳ ಕಡೆ ನೋಡಲೂ ಇಲ್ಲ. ಕುಡುಗೋಲು, ಹಗ್ಗ ತೆಗೆದುಕೊಂಡು ಬಾವಿಯ ಕಡೆ ಹೋದ. ಅವನು ತಂದು ಹಾಕಿದ ಒದ್ದೆ ಸೊಪ್ಪನ್ನು ಅತ್ತೆ, ಸೊಸೆ ಹಳೇ ಸೀರೆ ತುಂಡುಗಳಲ್ಲಿ ಎಲೆ ಎಲೆಯಾಗಿ ಒರೆಸತೊಡಗಿದರು. ಆ ಬೈಗುಳವಾದರೂ ಸಿಕ್ಕಿದ್ದರೆ ನಾಗಶ್ರೀಗೆ ಅಷ್ಟು ಭಯವಾಗುತ್ತಿರಲಿಲ್ಲ.

“ಅಕ್ಕ...” ಅಂದಳು.

ಶಿವರಂಜನಿ ಒರೆಸುವುದನ್ನು ನಿಲ್ಲಿಸಿದಳು. “ಎಷ್ಟೊತ್ಗ ಗೊತ್ತಾಯ್ತು ನಿಂಗ?”

“ಬೆಳುಗ್ಗೆ.”

“ನೀನಿಲ್ ಬಂದು ನಿಂತ್ಕೊಂಡಾಗ?”

“ಊ.”

“ಆವಾಗ್ಲೇ ಏಳಿದ್ರ ಒಂದ್ ಸ್ಟ್ಯಾಂಡಲ್ಲಿ ಓಗ್ತಿತ್ತು.” ಅವಳ ಧ್ವನಿ ಜೋರಾಗಿರಲಿಲ್ಲ. “ಉಳ ಸಾಯ್ಲಿ ಬುಡು. ಇದಲ್ದಿದ್ರ ಇನ್ನೊಂದ್ ಬೆಳ. ನಾನು ಈ ಮುದ್ಕಿ ರಟ್ಟ ಇಡ್ದು ಆಚ್ಗ ದಬ್ಬುದ್ನಲ್ಲ, ಅವ್ರು ಎಡುವುದ್ರಲ್ಲ, ಆಗ ನೀನು ಇಲ್ಲೇ ನಿಂತಿದ್ದ. ಕಣ್ಬುಟ್ಕೊಂಡು ನೋಡ್ತಾ ನಿಂತಿದ್ದ. ನನ್ ಕೈಲಿ ಆ ಕೆಲ್ಸ ಮಾಡ್ಸುದ್ಯಲ್ಲ ನೀನು.”

ಬೇಲಿ ಮುಚ್ಚುತ್ತಾರೆ, ಮಾತು ಬಿಡುತ್ತಾರೆ ಅಂತೆಲ್ಲ ನಾಗಶ್ರೀ ಬೆಳಗಿನಿಂದ ಹೆದರಿದ್ದಳು. ಇಂಥ ಮಾತೊಂದು ಬರುತ್ತದೆಂದು ಹೆದರಿರಲಿಲ್ಲ. ಅವಳು ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು.

“ಸಾಕು ಬುಡವ್ವ ರಂಜನಿ,” ಅಂದಳು ಶಿವರತ್ನಮ್ಮ ತಲೆಯೆತ್ತದೆ. “ಎದ್ರುಕೊಂಡದ ಮಗ. ನಾನೂ ಗೊತ್ತಿದ್ದೇ ಮುಚ್ಚಾಕ್ದಿ. ಒಂದ್ ಸ್ಟ್ಯಾಂಡ್ಗ ಮುಗೀತು ಅಂದ್ಕಂಡಿ, ಸಾಲಲ್ಲಿ ಇನ್ನೂ ಅದ ಅಂತ ತೋಚ್ನಿಲ್ಲ ನಂಗ.”

ಶಿವರಂಜನಿ ಅತ್ತೆಯ ಮುಂದಿದ್ದ ಒದ್ದೆ ಸೊಪ್ಪಿನ ಗುಡ್ಡೆಯಲ್ಲಿ ಅರ್ಧವನ್ನು ತನ್ನ ಕಡೆಗೆ ಎಳೆದುಕೊಂಡಳು. ಒರೆಸಿದ ಸೊಪ್ಪನ್ನು ಮೊದಲ ಸ್ಟ್ಯಾಂಡಿಗೆ ಹಾಸಿ ಬಗ್ಗಿ ಕಿವಿಗೊಟ್ಟಳು. ಕೆಲವು ಹುಳು ಹತ್ತಿದವು. ಕೆಲವು ಹತ್ತಿದ ಹಾಗೆ ಮಾಡಿ ಹಾಗೇ ಒರಗಿದವು. ಎಷ್ಟು ಉಳಿದಾವು, ಉಳಿದವು ಗೂಡು ಕಟ್ಟಿಯಾವೋ ಇಲ್ಲವೋ ಅವಳಿಗೂ ಗೊತ್ತಿರಲಿಲ್ಲ.

“ಅಳ್ತಾ ಕೂತ್ರ ಉಳ ಮೇದವಾ?” ಅಂದಳು ಒಳಗಿನಿಂದ. “ಎದ್ದು ಕೈ ತೊಳ್ಕೊಂಡು ಬಾ. ಸೊಪ್ಪು ಒರ್ಸೋಕ ಜನ ಇಲ್ಲ.”

ನಾಗಶ್ರೀ ಎದ್ದು ನಲ್ಲಿಯ ಹತ್ತಿರ ಹೋದಳು. ಬೂದಿ ಹಾಕಿ ಮೊಣಕೈವರೆಗೂ ಉಜ್ಜಿ ತೊಳೆದಳು. ಮೂಸಿದಳು. ಘಾಟಿತ್ತು. ಸೋಪು ಹಾಕಿ ತೊಳೆದಳು, ಉಗುರಿನ ಸಂದಿಯನ್ನು ಕಡ್ಡಿಯಲ್ಲಿ ಕೆರೆದು ತೊಳೆದಳು. ಮತ್ತೆ ಮೂಸಿದಳು. ಇದೆಯೋ ಇಲ್ಲವೋ ಹೇಳಲಾಗಲಿಲ್ಲ. ಹೊಸ್ತಿಲವರೆಗೆ ಹೋದಳು. ಕಾಲು ಅದ್ದಿ ಒಳಗೆ ಕೈ ಚಾಚಿದಳು, ಹುಳುಗಳನ್ನು ಕಂಡು ಕೈ ಹಿಂದಕ್ಕೆಳೆದುಕೊಂಡಳು.

“ಬಾರಮ್ಮಿ! ಇನ್ನೂ ಎಷ್ಟೊತ್ತು?” ಶಿವರಂಜನಿ ಕೂಗಿದಳು.

“ಬಂದಿ ಕಣಕ್ಕ, ಬಂದಿ,” ಅಂದ ನಾಗಶ್ರೀ ತಿರುಗಿ ನಲ್ಲಿಯ ಹತ್ತಿರ ಓಡಿ ಇನ್ನೊಂದು ಹಿಡಿ ಬೂದಿ ತೆಗೆದುಕೊಂಡಳು.